ಕೂಗುವುದಿದ್ದರೆ ಕಾಗದದಲ್ಲಿ ಕೂಗು

ಜೂನ್ 4

ತಂಗಿಗೆ,

ಕ್ಷೇಮಸಮಾಚಾರ ವಿಚಾರಿಸುವ ಗೋಜಿಗೆ ನಾನು ಹೋಗುವುದಿಲ್ಲ. ನನ್ನ ಮಗಳನ್ನು ನಿನ್ನ ಮನೆಯಲ್ಲಿ ಕೂರಿಸಿಕೊಂಡು ನಾನು ಮಾಡಿದ ಫೋನನ್ನೆಲ್ಲ ಕಟ್ ಮಾಡುವವಳ ಕ್ಷೇಮ ಕಟ್ಟಿಕೊಂಡು ನನಗೇನಾಗಬೇಕು? ಬೆಳಗಿನಿಂದ ಒದ್ದಾಡಿದ್ದಕ್ಕೆ ಕೊನೆಗೆ ಒಂದು ಸಂದೇಶ ಕಳಿಸಿದ್ದೀಯ: "ಕೂಗುವುದಿದ್ದರೆ ಕಾಗದದಲ್ಲಿ ಕೂಗು. ಓದುವಾಗ ಕಿವಿ ನೋಯಲ್ಲ." ಆಹಾ, ಏನು ಜಾಣತನ! ಸರಿ, ಇಗೋ ಕೂಗುತ್ತಿದ್ದೇನೆ. ಓದು.

ಅವಳು ನಿನಗೆ ಏನೇನು ಕಥೆ ಕಟ್ಟಿ ಹೇಳಿದ್ದಾಳೋ ಗೊತ್ತಿಲ್ಲ. ನಡೆದದ್ದು ಇಷ್ಟು. ಕಳೆದ ತಿಂಗಳು ಅವಳಿಗೆ ಜ್ವರ ಬಂತು. ಅವಳಮ್ಮ ಒದ್ದೆಬಟ್ಟೆಯಲ್ಲಿ ಮೈ ಒರೆಸೋಣ ಎಂದು ತೋಳು ಮೇಲೆ ಸರಿಸಿದಳು. ಗಾಯಗಳು. ಕೆಲವು ಹಳೆಯವು, ಕೆಲವು ಹಸಿ. "ಏನೇ ಇದು?" ಎಂದರೆ "ಬೆಕ್ಕು ಪರಚಿತು" ಎಂದಳಂತೆ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ. ನಮ್ಮ ಬೀದಿಯಲ್ಲೇ ಬೆಕ್ಕಿಲ್ಲ. ಹದಿನಾರು ವರ್ಷದ ಹುಡುಗಿ ತನಗೆ ತಾನೇ ಹಾಗೆ ಮಾಡಿಕೊಂಡಿದ್ದಾಳೆ ಎಂದು ತಿಳಿದಾಗ ಕಾರಣ ಏನು ಎಂದು ಹತ್ತು ಸಲ ಕೇಳಿದೆ. ಏನು ಕಡಿಮೆ ಮಾಡಿದ್ದೆ ನಾನು? ಹೊಟ್ಟೆಗೆ ಕಡಿಮೆಯೇ, ಬಟ್ಟೆಗೆ ಕಡಿಮೆಯೇ, ಓದಿಗೆ ಕಡಿಮೆಯೇ?

ಯಾವ ಅಪ್ಪನಾದರೂ ಮಾಡುವುದನ್ನೇ ಮಾಡಿದೆ. ಅವಳ ಕೋಣೆಯ ಬಾಗಿಲಿನ ಕೀಲು ಬಿಚ್ಚಿ ಬಾಗಿಲನ್ನೇ ಕಳಚಿದೆ. ಬಚ್ಚಲುಮನೆಯ ಚಿಲಕ ತೆಗೆದೆ. ದಿನಾ ಬೆಳಿಗ್ಗೆ ತಿಂಡಿಗೆ ಮುಂಚೆ ಎರಡೂ ತೋಳು ಮೇಲೆತ್ತಿಸಿ ನೋಡಿದೆ. ಶಾಲೆಯ ಬೇಸಿಗೆ ಕ್ಲಾಸಿನಿಂದ ಬಂದರೆ ನೆಟ್ಟಗೆ ನನ್ನ ಮರಗೆಲಸದ ಶೆಡ್ಡಿಗೆ ಬಂದು ಕೂರಬೇಕು, ನನ್ನ ಕಣ್ಣೆದುರೇ ಓದಿಕೊಳ್ಳಬೇಕು ಎಂದೆ. ಮೈಯೆಲ್ಲ ಕಣ್ಣಾಗಿ ಕಾದೆ. ಹಾಗೆ ಕಾದವನ ಮನೆಯಿಂದ ಒಂದು ಬೆಳಿಗ್ಗೆ ಶಾಲೆಯ ಚೀಲ ಹೆಗಲಿಗೇರಿಸಿ ಹೋದವಳು ಸಂಜೆ ಬರಲಿಲ್ಲ. ನಿನ್ನ ಹತ್ತಿರ ಇದ್ದಾಳೆ ಎಂದು ತಿಳಿಯುವಷ್ಟರಲ್ಲಿ ನಾನೂ ಅವಳಮ್ಮನೂ ಅರ್ಧ ಸತ್ತಿದ್ದೆವು.

ಮಕ್ಕಳಿಲ್ಲದವಳು ನೀನು. ಮದುವೆಗೆ ಎರಡು ದಿನ ಇರುವಾಗ "ನನಗೆ ಈ ಗಂಡು ಬೇಡ" ಎಂದು ಎದ್ದುಹೋದವಳು. ಆ ಮದುವೆಗೆಂದು ನಾನು ಮಾಡಿದ ಮಂಚ ಇವತ್ತಿಗೂ ಶೆಡ್ಡಿನ ಮೂಲೆಯಲ್ಲಿ ನನ್ನ ಮುಖಕ್ಕೆ ಹೊಡೆದ ಹಾಗೆ ನಿಂತಿದೆ. ಅವತ್ತಿನಿಂದ ನಮ್ಮ ಮನೆಯ ಹೊಸ್ತಿಲು ತುಳಿಯದ ನೀನು ಈಗ ನನಗೆ ಮಕ್ಕಳನ್ನು ಸಾಕುವ ಪಾಠ ಹೇಳುತ್ತೀಯಾ?

ಮರುಮಾತಿಲ್ಲದೆ ಅವಳನ್ನು ಕಳಿಸು.

ನಿನ್ನ ಅಣ್ಣ
(ಆಗಿರುವುದು ನನ್ನ ಹಣೆಬರಹ)


ಜೂನ್ 9

ಅಣ್ಣನಿಗೆ,

ನಿನ್ನ ಕೂಗು ತಲುಪಿತು. ಪೆನ್ನನ್ನು ಎಷ್ಟು ಒತ್ತಿದ್ದೀಯ ಎಂದರೆ ಅಕ್ಷರಗಳು ಕಾಗದದ ಹಿಂಬದಿಗೂ ಉಬ್ಬಿಕೊಂಡಿವೆ.

ಕಳಿಸುವುದಿಲ್ಲ. ಇದು ಉತ್ತರ. ಇನ್ನು ಬಾಕಿಯದ್ದು ಕೇಳು.

ಆ ದಿನ ನನ್ನದು ಮಧ್ಯಾಹ್ನದ ಪಾಳಿ. ನಿಲ್ದಾಣದಲ್ಲಿ ಹುಡುಗಿ ನಾನು ಓಡಿಸುವ ಬಸ್ಸು ಹತ್ತಿ, ನನ್ನ ಪಕ್ಕದ ಮುಂದಿನ ಸೀಟಿನಲ್ಲಿ ಕೂತಳು. ತಲೆಯ ಮೇಲೆ 'ಚಾಲಕರೊಂದಿಗೆ ಮಾತನಾಡಬೇಡಿ' ಎಂಬ ಬೋರ್ಡು. ಅದನ್ನು ಓದಿಕೊಂಡವಳಂತೆ ತುಟಿಪಿಟಕ್ಕೆನ್ನದೆ ಕೊನೆಯ ಸ್ಟಾಪಿನವರೆಗೆ ಬಂದಳು, ವಾಪಸ್ ಬಂದಳು, ಮತ್ತೆ ಹೋದಳು. ನನಗೆ ಅವಳ ಗುರುತು ಹೇಗೆ ಸಿಕ್ಕಿತು ಅಂತೀಯಾ? ವರ್ಷಕ್ಕೊಂದೆರಡು ಸಲ ಅತ್ತಿಗೆ ಅವಳನ್ನು ಕರೆದುಕೊಂಡು ನನ್ನ ಬಸ್ಸಿನಲ್ಲಿ ಒಂದು ಸುತ್ತು ಹೊಡೆದು ಹೋಗುತ್ತಿದ್ದಳು. ನಿನಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು, ಹೋಗಿ ಅವಳ ಮೇಲೂ ಕೂಗು.

ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರು. ಎಂಜಿನ್ ಆಫ್ ಮಾಡಿದೆ. "ನಾನೂ ಇಳೀಬೇಕಾ ಅತ್ತೆ?" ಎಂದಳು. "ಬೇಡ" ಎಂದೆ. ಆಮೇಲೆ ಮಾತಾಡಿದಳು. ಮುಂದಿನ ಗಾಜು ನೋಡಿಕೊಂಡು ಅವಳು, ಅದೇ ಗಾಜು ನೋಡಿಕೊಂಡು ನಾನು. ನಾನು ತಿರುಗಿ ಮುಖ ನೋಡಿದ್ದರೆ ಬಾಯಿ ಮುಚ್ಚಿಬಿಡುತ್ತಿದ್ದಳು. ಅಷ್ಟು ಬುದ್ಧಿ ನನಗಿತ್ತು.

ನೇರವಾಗಿ ಕೇಳಿದೆ: "ಸಾಯಬೇಕು ಅನ್ಸುತ್ತಾ ನಿಂಗೆ?" ಕೇಳಿದರೆ ಇಲ್ಲದ್ದನ್ನು ತಲೆಗೆ ತುಂಬಿದ ಹಾಗಾಗುತ್ತದೋ ಎಂಬ ಭಯ ನನಗೂ ಇತ್ತು. ಹಾಗೇನೂ ಆಗಲಿಲ್ಲ. ಕೇಳಿದ್ದಕ್ಕೇ ಅವಳ ಭುಜ ಸ್ವಲ್ಪ ಸಡಿಲವಾಯಿತು. "ಸಾಯೋಕಲ್ಲ ಅತ್ತೆ. ತಲೇಲಿ ಎಲ್ಲ ಒಟ್ಟಿಗೇ ಕೂಗಾಡ್ತಿರುತ್ತೆ. ಯಾರಿಗೆ ಹೇಳ್ಬೇಕು, ಹೆಂಗೆ ಹೇಳ್ಬೇಕು ಗೊತ್ತಾಗಲ್ಲ. ಆಗ ಹಂಗೆ ಮಾಡ್ಕೋತೀನಿ. ಆಮೇಲೆ ನನ್ನ ಕಂಡ್ರೆ ನಂಗೇ ಆಗಲ್ಲ, ಮೊದಲಿಗಿಂತ ಕೆಟ್ಟದಾಗಿರುತ್ತೆ" ಎಂದಳು. ಮತ್ತೆ ಹೇಳಿದಳು: "ಒಂದೇ ದಿನ ಸಾಯಬೇಕು ಅನ್ಸಿತ್ತು. ಅಪ್ಪ ಬಾಗಿಲು ಕಿತ್ತ ದಿನ."

ಓದಿದೆಯಾ? ಇನ್ನೊಂದು ಸಲ ಓದು.

ಮಾರನೆಯ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹದಿಹರೆಯದವರಿಗೆಂದೇ ಅಲ್ಲಿ ಒಂದು ವಿಭಾಗ ಇದೆ. ಡಾಕ್ಟರು ಗಾಯ ನೋಡಿದರು, ಒಬ್ಬ ಆಪ್ತಸಮಾಲೋಚಕಿ ಅವಳ ಮಾತು ಕೇಳಿದರು. ಪ್ರತಿ ಬುಧವಾರ ಹೋಗಬೇಕು. ತಂದೆತಾಯಿಯೂ ಬರಬೇಕು ಎಂದಿದ್ದಾರೆ. ಕೂಗಾಡದೆ ಬರುವುದಾದರೆ ಬಾ. ಅದಕ್ಕೆ ಮುಂಚೆ ಆ ಬಾಗಿಲನ್ನು ಅದರ ಜಾಗಕ್ಕೆ ಹಾಕು. ಊರಿಗೆಲ್ಲ ಬಾಗಿಲು ಮಾಡಿಕೊಡುವ ದೊಡ್ಡ ಬಡಗಿ, ಸ್ವಂತ ಮಗಳಿಗೆ ಒಂದು ಬಾಗಿಲು ಉಳಿಸಲಿಲ್ಲ.

ಇತಿ,
ಮಕ್ಕಳಿಲ್ಲದವಳು


ಜೂನ್ 15

ತಂಗಿಗೆ,

ನಾಲಿಗೆ ಬಹಳ ಉದ್ದವಾಗಿದೆ ನಿನ್ನದು. ಬಸ್ಸು ಓಡಿಸುವವಳು ನನ್ನ ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಹುಚ್ಚಿ ಎಂದು ಹಣೆಪಟ್ಟಿ ಹಚ್ಚಿಸಿಕೊಂಡು ಬರಲು ಅಪ್ಪಣೆ ಕೊಟ್ಟವರು ಯಾರು? ನಾಳೆ ಶಾಲೆಗೆ ಗೊತ್ತಾದರೆ? ನೆಂಟರಿಗೆ ಗೊತ್ತಾದರೆ? ನಾಲ್ಕು ಜನ ನಾಲ್ಕು ಮಾತಾಡಿದರೆ ನೀನು ಬಂದು ಅವರ ಬಾಯಿ ಮುಚ್ಚಿಸುತ್ತೀಯಾ?

ಇದೆಲ್ಲ ನಾಟಕ. ಗಮನ ಸೆಳೆಯುವ ಆಟ. ಫೋನಿನಲ್ಲಿ ಏನೇನೋ ನೋಡಿ ಕಲಿತದ್ದು. ನೀನು ಅದಕ್ಕೆ ತಾಳ ಹಾಕುತ್ತಿದ್ದೀಯ. ಸಾಯುವ ಮಾತನ್ನು ನೀನೇ ಅವಳ ಬಾಯಿಗೆ ಹಾಕಿದ್ದೀಯ, ನಾನು ನಂಬುವುದಿಲ್ಲ.

ಬಾಗಿಲು ಹಾಕು ಎಂದು ಅಪ್ಪಣೆ ಕೊಡುತ್ತೀಯ. ಎಲ್ಲಿದೆ ಬಾಗಿಲು? ನಾಲ್ಕು ಬೀದಿ ಆಚೆಯ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನ ಚೌಕಟ್ಟಿಗೆ ಅದೇ ಅಳತೆ ಸರಿಹೋಯಿತು. ಮೇಲೆ ಬಣ್ಣ ಬಳಿದು ಕೊಟ್ಟುಬಿಟ್ಟೆ. ಮನೆಯಲ್ಲಿ ಬಾಗಿಲಿದ್ದರೆ ತಾನೇ ಅವಳಮ್ಮ "ಹಾಕಿಬಿಡಿ, ಹಾಕಿಬಿಡಿ" ಎಂದು ತಲೆ ತಿನ್ನುವುದು? ಈಗ ಬೇಕಾದರೆ ಹೋಗಿ ಹಲ್ಲು ಕೀಳಿಸಿಕೊಳ್ಳುವವರನ್ನು ಕೇಳಿ ತೆಗೆದುಕೊಂಡು ಬಾ.

ಭಾನುವಾರ ಟೆಂಪೋ ತೆಗೆದುಕೊಂಡು ಬರುತ್ತೇನೆ. ಅವಳು ಚೀಲ ಕಟ್ಟಿಕೊಂಡಿರಲಿ.

ಅಣ್ಣ

(ಹಿಂಬದಿಯಲ್ಲಿ, ಬೇರೆ ಕೈಬರಹದಲ್ಲಿ)

ನಾದಿನಿ, ಇದನ್ನು ಅಂಚೆಗೆ ಹಾಕು ಎಂದು ನನ್ನ ಕೈಗೆ ಕೊಟ್ಟರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಬುಧವಾರ ಅಂಗಡಿಗೆ ರಜೆ ಹಾಕಿ ನಾನು ಆಸ್ಪತ್ರೆಗೆ ಬರುತ್ತೇನೆ. ಇವರಿಗೆ ಹೇಳಬೇಡ. ನಿನ್ನ ಮೇಲೆ ನನಗೂ ಸಿಟ್ಟಿದೆ, ಸುಳ್ಳು ಹೇಳುವುದಿಲ್ಲ. ಅವಳು ನಿನ್ನ ಬಸ್ಸು ಹತ್ತಿದಳು. ನಾನು ಕ್ಯಾಶ್ ಕೌಂಟರಿನಲ್ಲಿ ಕೂರುವ ಅಂಗಡಿ ಅವಳ ಶಾಲೆಯ ಎದುರಿಗೇ ಇದೆ. ರಸ್ತೆ ದಾಟಿದ್ದರೆ ಸಾಕಿತ್ತು.


ಜೂನ್ 28

ಅಪ್ಪಾ,

ಈ ಕಾಗದ ಬರೆಯಲೋ ಬೇಡವೋ ಎಂದು ಒಂದು ವಾರ ಯೋಚಿಸಿದೆ. ಅತ್ತೆ ಬರೆ ಎಂದಿಲ್ಲ. ಬುಧವಾರದ ಮೇಡಂ "ಅವರಿಗೆ ಹೇಳಬೇಕು ಅನಿಸಿದ್ದನ್ನು ಬರೆದಿಡು, ಕಳಿಸುವುದು ಬಿಡುವುದು ಆಮೇಲೆ" ಎಂದರು. ಕಳಿಸುತ್ತಿದ್ದೇನೆ.

ಆ ಭಾನುವಾರ ನೀನು ಬಸ್ಸಿನ ಎದುರು ಅಡ್ಡ ನಿಂತೆ. "ಇಳಿಸೇ ನನ್ನ ಮಗಳನ್ನ!" ಎಂದು ಕೂಗಿದೆ. ಬಸ್ಸು ತುಂಬ ಜನ. ಹತ್ತಿ ಬಂದು ನನ್ನ ಕೈ ಹಿಡಿದೆ, ತೋಳು ಮೇಲೆತ್ತಿ "ನೋಡ್ರೀ, ಇಷ್ಟು ಸಾಕಿದ್ದಕ್ಕೆ ಇದು ಬಹುಮಾನ" ಎಂದು ಎಲ್ಲರಿಗೂ ತೋರಿಸಿದೆ. ಒಬ್ಬ ಹೆಂಗಸು ತನ್ನ ಮಗುವಿನ ಕಣ್ಣು ಮುಚ್ಚಿದಳು. ನಾನು ಅದನ್ನು ನೋಡಿದೆ. ನೀನು ನೋಡಲಿಲ್ಲ.

ಗಮನ ಸೆಳೆಯಲು ಮಾಡಿದೆ ಅಂತೀಯಲ್ಲ, ಗಮನ ಬೇಕಿದ್ದರೆ ಎರಡು ಬೇಸಿಗೆ ಪೂರ್ತಿ ಉದ್ದ ತೋಳಿನ ಅಂಗಿ ಹಾಕಿಕೊಂಡು ಬೆವರುತ್ತಿದ್ದೆನೇ? ಯಾರಿಗೂ ಗೊತ್ತಾಗಬಾರದು ಎಂದೇ ಅಷ್ಟೆಲ್ಲ ಪಾಡು ಪಟ್ಟಿದ್ದು. ಗೊತ್ತಾದ ದಿನ ನನಗೆ ಒಂದು ಕ್ಷಣ ನಿರಾಳವಾಗಿತ್ತು. ಇನ್ನು ಅಡಗಿಸಬೇಕಿಲ್ಲ, ಅಪ್ಪ ಏನಾದರೂ ಮಾಡುತ್ತಾನೆ ಎಂದುಕೊಂಡೆ. ನೀನು ಸ್ಕ್ರೂಡ್ರೈವರ್ ತಂದೆ.

ಕಾರಣ ಏನು, ಕಾರಣ ಏನು ಎಂದು ಹತ್ತು ಸಲ ಕೇಳಿದ್ದೀಯ. ಒಂದೇ ಒಂದು ಕಾರಣ ಇದ್ದಿದ್ದರೆ ನಾನೇ ಸರಿಮಾಡಿಕೊಳ್ಳುತ್ತಿದ್ದೆ. ಶಾಲೆಯಲ್ಲಿ ಇಬ್ಬರು ಗೆಳತಿಯರು ಮಾತು ಬಿಟ್ಟದ್ದು, ಪರೀಕ್ಷೆ, ಮನೆಯಲ್ಲಿ ಯಾರೂ ಯಾರ ಹತ್ತಿರವೂ ಮಾತಾಡದೆ ಊಟ ಮಾಡುವುದು, ಯಾವ ಕಾರಣವೂ ಇಲ್ಲದೆ ಬೆಳಿಗ್ಗೆ ಏಳಲು ಮನಸ್ಸಾಗದಿರುವುದು, ಎಲ್ಲ ಸೇರಿಕೊಂಡಿದೆ. ಬಿಡಿಸಿ ಹೇಳಲು ನನಗೆ ಈಗ ಈಗ ಬರುತ್ತಿದೆ. ನೀನು ತಿಂಡಿಗೆ ಮುಂಚೆ ನನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆಯಲ್ಲ, ಹಲಗೆಯಲ್ಲಿ ಬಿರುಕು ಇದೆಯೇ ಎಂದು ನೋಡುವ ಹಾಗೆ. ಆಗ ಒಂದು ದಿನವೂ "ನೋವಿದೆಯಾ" ಎಂದು ಕೇಳಲಿಲ್ಲ.

ಆ ಭಾನುವಾರ ಸೀಟು ಬಿಟ್ಟು ಏಳಲಿಲ್ಲ, ಈಗಲೂ ನಿನ್ನ ಜೊತೆ ಮನೆಗೆ ಬರುವುದಿಲ್ಲ. ಬಲವಂತ ಮಾಡಿದರೆ ಮತ್ತೆ ಹೋಗುತ್ತೇನೆ, ಆಗ ಎಲ್ಲಿದ್ದೇನೆ ಎಂದು ಯಾರಿಗೂ ತಿಳಿಯುವುದಿಲ್ಲ. ನಾನು ಬರಬೇಕಾದರೆ ನನ್ನ ಕೋಣೆಗೆ ಒಳಗಿನಿಂದ ಚಿಲಕ ಇರುವ ಬಾಗಿಲು ಬೇಕು. ಕೈ ತೋರಿಸು ಎಂದು ಯಾರೂ ಕೇಳಬಾರದು. ನೀನು ಮೇಡಂ ಹತ್ತಿರ ಬರಬೇಕು, ಒಂದು ಸಲವಾದರೂ.

ಅಮ್ಮ ಎರಡು ಬುಧವಾರ ಬಂದಿದ್ದಳು. ಈಗ ಹೇಳಿದರೆ ಪರವಾಗಿಲ್ಲ ಎಂದಿದ್ದಾಳೆ.

ಮಗಳು


ಜುಲೈ 10

ತಂಗಿಗೆ,

ಹೋಗಿಬಂದೆ. ನಿನಗಾಗಿ ಅಲ್ಲ.

ಆ ಮೇಡಂ ನನ್ನ ಗರಗಸಕ್ಕಿಂತ ವಯಸ್ಸಿನಲ್ಲಿ ಚಿಕ್ಕವಳು. ಇವಳೇನು ಹೇಳುತ್ತಾಳೆ ನನಗೆ ಎಂದುಕೊಂಡು ಕೂತೆ. ಕೂತ ಕುರ್ಚಿಯ ಒಂದು ಕಾಲು ಗಿಡ್ಡ. ಆಕೆ ಮಾತಾಡುತ್ತಿದ್ದಾಗ ನಾನು ಕುಕ್ಕರುಗಾಲಿನಲ್ಲಿ ಕೂತು ಅದಕ್ಕೆ ಕಾಗದ ಮಡಚಿ ಕೊಡುತ್ತಿದ್ದೆ. "ಪರವಾಗಿಲ್ಲ, ಕೆಲಸ ಮಾಡ್ತಾನೇ ಕೇಳಿ" ಎಂದಳು. ಹೆಂಡತಿ ತಲೆ ತಗ್ಗಿಸಿ ಕೂತಿದ್ದಳು.

ಹುಚ್ಚು ಎಂದು ಆಕೆ ಹೇಳಲಿಲ್ಲ. ಎಷ್ಟೋ ಮನೆಗಳಲ್ಲಿ ಎಷ್ಟೋ ಮಕ್ಕಳು ಹೀಗೆ ಮಾಡಿಕೊಳ್ಳುತ್ತಾರೆ, ತಡೆಯಲಾರದ ಸಂಕಟ ಇಳಿಸಿಕೊಳ್ಳಲು ಬೇರೆ ದಾರಿ ಕಾಣದೆ ಮಾಡಿಕೊಳ್ಳುತ್ತಾರೆ, ಬೇರೆ ದಾರಿ ಕಲಿಯಬಹುದು, ಸಮಯ ಹಿಡಿಯುತ್ತದೆ ಎಂದಳು. ಬೈದರೆ ನಿಲ್ಲುವುದಿಲ್ಲ, ಅಡಗುತ್ತದೆ ಎಂದಳು. ನಾನು ಬಾಯಿ ಬಿಟ್ಟೆ: "ಬಾಗಿಲು ತೆಗೆದದ್ದು ಅವಳನ್ನ ಕಾಯೋಕೆ." ಆಕೆ ಕೇಳಿದಳು: "ತೆಗೆದ ಮೇಲೆ ನಿಮಗೆ ನೆಮ್ಮದಿಯಾಗಿ ನಿದ್ದೆ ಬಂತಾ?" "ಇಲ್ಲ" ಎಂದೆ. "ಅವಳಿಗೆ ಬಂದಿರುತ್ತಾ?" ಎಂದಳು. ಇಂಥ ಪ್ರಶ್ನೆ ಕೇಳುವುದನ್ನು ಎಲ್ಲಿ ಕಲಿಸುತ್ತಾರೋ!

ಹಾಗೆಂದು ಕಾವಲೇ ಬೇಡ ಎನ್ನಲಿಲ್ಲ. ಔಷಧಿ ಡಬ್ಬಿ, ಹರಿತವಾದ ಸಾಮಾನು ಬೀಗದಲ್ಲಿರಲಿ, ಶೆಡ್ಡಿಗೂ ಬೀಗ ಇರಲಿ ಎಂದಳು. ಯೋಚನೆ ಮಾಡು, ಮನೆಯ ಬಾಗಿಲು ಕಿತ್ತು ಕಾದ ನಾನು ಉಳಿ ಗರಗಸ ಹರಡಿಕೊಂಡ ಶೆಡ್ಡಿನಲ್ಲಿ ಅವಳನ್ನು ಕೂರಿಸಿಕೊಂಡಿದ್ದೆ. ಅದನ್ನು ನೆನೆದು ಆಸ್ಪತ್ರೆಯ ಮೆಟ್ಟಿಲ ಮೇಲೆ ಬೆವರಿಬಿಟ್ಟೆ. ಚಿಲಕದ ಮಾತೂ ಬಂತು. ಒಳಗಿನಿಂದ ಹಾಕಿಕೊಳ್ಳುವಂಥದ್ದು, ಆದರೆ ತುರ್ತಿದ್ದರೆ ಹೊರಗಿನಿಂದ ನಾಣ್ಯ ತೂರಿಸಿ ತೆಗೆಯುವಂಥದ್ದು ಒಂದು ಬರುತ್ತದೆ, ಹಾಕುತ್ತೇನೆ ಎಂದೆ. "ಅದನ್ನ ಅವಳಿಗೂ ಮೊದಲೇ ಹೇಳಿ. ಕದ್ದು ಹಾಕಬೇಡಿ" ಎಂದಳು.

ಹೊರಡುವಾಗ ಆಕೆ, "ಸಾಯೋ ಯೋಚನೆ ಬರುತ್ತಾ ಅಂತ ಅವಳನ್ನ ನೀವೂ ಕೇಳೋ ಹಾಗಾಗಬೇಕು. ಇಲ್ಲಿ ನನ್ನೆದುರು ಒಂದು ಸಲ ಹೇಳಿ ನೋಡಿ" ಎಂದಳು. ನನ್ನಿಂದಾಗಲಿಲ್ಲ. ಎದ್ದು ಬಂದುಬಿಟ್ಟೆ.

ಹೊಸ ಬಾಗಿಲು ಶುರುಮಾಡಿದೆ. ಕಣ್ಣಳತೆಯಲ್ಲೇ ಬಾಗಿಲು ಕೂರಿಸುವವನು ನಾನು, ಒಂದು ಬೆರಳು ಗಿಡ್ಡ ಕೊಯ್ದುಬಿಟ್ಟಿದ್ದೇನೆ. ಹಲಗೆ ಹಾಳು. ಇದಕ್ಕೂ ನೀನೇ ಕಾರಣ.

ಅಣ್ಣ


ಜುಲೈ 21

ಅಣ್ಣನಿಗೆ,

ನೀನು ಬಸ್ಸಿಗೆ ಅಡ್ಡ ನಿಂತು ಮಾಡಿದ ರಂಪಕ್ಕೆ ಡಿಪೋದಲ್ಲಿ ನನ್ನನ್ನು ಕರೆಸಿ ಛೀಮಾರಿ ಹಾಕಿದರು. ಅದನ್ನು ಕ್ಷಮಿಸಿದ್ದೇನೆ ಎಂದುಕೊಳ್ಳಬೇಡ. ಬರೆಯಬೇಕಾದದ್ದು ಬೇರೆಯೇ ಇದೆ, ಬರೆಯಲು ನಾಚಿಕೆ.

ಶುಕ್ರವಾರ ನನ್ನ ದಿಂಬಿನ ಪಕ್ಕ ಬಂದು ಕೂತು ಹುಡುಗಿ ಅತ್ತಳು. ಎರಡು ವಾರದ ಹಿಂದೆ ಮತ್ತೆ ಮಾಡಿಕೊಂಡಿದ್ದಳಂತೆ. ಅಷ್ಟು ದಿನ ನನ್ನಿಂದ ಮುಚ್ಚಿಟ್ಟಿದ್ದಳು. ಮೇಡಂಗೂ ಹೇಳಿರಲಿಲ್ಲ. ಯಾಕೆ ಗೊತ್ತೇ? ಬಂದ ಮೊದಲ ವಾರವೇ ನಾನು ಅವಳ ಕೈ ಹಿಡಿದು "ನನ್ನಾಣೆ, ಇನ್ನು ಮಾಡ್ಕೋಬೇಡ" ಎಂದು ಭಾಷೆ ತೆಗೆದುಕೊಂಡಿದ್ದೆ. ದೊಡ್ಡ ಕೆಲಸ ಮಾಡಿದೆ ಎಂದು ಬೀಗಿದ್ದೆ. "ಆಣೆ ಮುರಿದೆ ಅಂತ ನಿಂಗೆ ಹೆಂಗೆ ಹೇಳಲಿ ಅತ್ತೆ" ಎಂದಳು. ನೀನು ಬಾಗಿಲು ಕಿತ್ತೆ, ನಾನು ಆಣೆಯ ಬೀಗ ಹಾಕಿದೆ. ಬಯಲಿಗಿಟ್ಟದ್ದು ನೀನಾದರೆ ಒಳಗೆ ಕೂಡಿಹಾಕಿದ್ದು ನಾನು.

ಮೇಡಂ ಹತ್ತಿರ ಹೋಗಿ ಒಪ್ಪಿಕೊಂಡೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮಾಡ್ಕೋಬೇಡ ಅನ್ನೋ ಆಣೆ ಬೇಡ. ಕಷ್ಟ ಆದಾಗ ಬಂದು ಹೇಳು, ಮಾಡಿಕೊಂಡಿದ್ದರೂ ಬಂದು ಹೇಳು, ಅಷ್ಟೇ ಸಾಕು ಅಂತ ಹೇಳಿ" ಎಂದರು. ಇನ್ನೊಂದು ತಪ್ಪನ್ನೂ ತೋರಿಸಿದರು. ನಂಬಿಕೆಯಿಂದ ಅವಳು ಹೇಳಿದ ಬಾಗಿಲು ಕಿತ್ತ ದಿನದ ಮಾತನ್ನು ನಾನು ಕಲ್ಲಿನ ಹಾಗೆ ನಿನ್ನ ಮೇಲೆ ಎಸೆದೆ. ನಿನ್ನ ಹತ್ತಿರ ಕ್ಷಮೆ ಕೇಳುತ್ತಿಲ್ಲ. ಅವಳ ಹತ್ತಿರ ಕೇಳಿದೆ.

ಈಗ ಮನಸ್ಸು ಕೆಟ್ಟ ದಿನ ಅವಳು ನನ್ನ ಜೊತೆ ಸಂಜೆಯ ಟ್ರಿಪ್ಪಿಗೆ ಬರುತ್ತಾಳೆ. ಕೊನೆಯ ಸ್ಟಾಪಿನಲ್ಲಿ ಹತ್ತು ನಿಮಿಷ ಬಸ್ಸು ನಿಲ್ಲುತ್ತದೆ. ಒಂದೊಂದು ದಿನ ಮಾತಾಡುತ್ತಾಳೆ, ಒಂದೊಂದು ದಿನ ಕಡಲೆಕಾಯಿ ತಿಂದು ಸಿಪ್ಪೆಯೆಲ್ಲ ನನ್ನ ಬಸ್ಸಿನಲ್ಲೇ ಚೆಲ್ಲುತ್ತಾಳೆ. ಗುಡಿಸುವವಳು ನಾನು. ಮೊನ್ನೆ ಕೇಳಿದಳು, "ಅಪ್ಪ ನಿಜವಾಗ್ಲೂ ಮೇಡಂ ಹತ್ರ ಹೋಗಿದ್ನಾ?" ಎಂದು. ಹೋಗಿದ್ದ, ಕುರ್ಚಿ ರಿಪೇರಿ ಮಾಡಿ ಬಂದ ಎಂದೆ. ಎಷ್ಟೋ ದಿನದ ಮೇಲೆ ನಕ್ಕಳು.

ಬಾಗಿಲು ಎಲ್ಲಿಗೆ ಬಂತು? ಬಡಗಿ ನೀನು, ಒಂದು ಬಾಗಿಲಿಗೆ ಇಷ್ಟು ದಿನವೇ?

ತಂಗಿ


ಆಗಸ್ಟ್ 6

ಅಪ್ಪಾ,

ಬಾಗಿಲು ಹಾಕಿಯಾಯಿತಂತೆ. ಶನಿವಾರ ಬರುತ್ತೇನೆ. ಅತ್ತೆ ಬಿಟ್ಟುಹೋಗುತ್ತಾಳೆ, ಒಳಗೆ ಬರುವುದಿಲ್ಲವಂತೆ. ನೀವಿಬ್ಬರೂ ಬಾಗಿಲಲ್ಲಿ ಜಗಳ ಆಡಬೇಡಿ.

ನೀನು ಚಿಲಕದ ವಿಷಯ ಮೊದಲೇ ಹೇಳಿದ್ದು ಒಳ್ಳೆಯದಾಯಿತು. ನಾಣ್ಯದ್ದೇ ಇರಲಿ. ಆದರೆ ನಾಣ್ಯ ಹಾಕುವ ಮುಂಚೆ ಕರೆಯಬೇಕು. ನಾನು ಉತ್ತರ ಕೊಟ್ಟರೆ ತೆಗೆಯಬಾರದು.

ವಿಶೇಷ ಅಡಿಗೆ ಮಾಡಬೇಡಿ. ಯಾರನ್ನೂ ಕರೆಯಬೇಡಿ. ಬುಧವಾರ ಬುಧವಾರ ಹೋಗುವುದು ನಿಲ್ಲುವುದಿಲ್ಲ, ಅದಕ್ಕೆ ಒಪ್ಪಿದ್ದೀಯ ಎಂದು ಅಮ್ಮ ಹೇಳಿದಳು. ನಿನ್ನ ಬಾಯಿಂದಲೂ ಕೇಳಬೇಕು.

ನನಗೆ ಎಲ್ಲ ಸರಿಹೋಗಿಲ್ಲ. ಸರಿಹೋಗಿದೆ ಎಂದುಕೊಂಡು ಕಾಯಬೇಡ. ನಿನ್ನ ಮೇಲಿನ ಸಿಟ್ಟೂ ಹೋಗಿಲ್ಲ.

ಮಗಳು


ಸೆಪ್ಟೆಂಬರ್ 19

ತಂಗಿಗೆ,

ಇವತ್ತು ಕೂಗಲು ಬರೆಯುತ್ತಿಲ್ಲ. ನಿನ್ನ ಹತ್ತಿರವಲ್ಲದೆ ಬೇರೆ ಯಾರ ಹತ್ತಿರ ಹೇಳುವುದು ಎಂದು ತಿಳಿಯದೆ ಬರೆಯುತ್ತಿದ್ದೇನೆ. ಇದೂ ನನ್ನ ಹಣೆಬರಹವೇ.

ಅವಳು ಬಂದ ಮೇಲಿನ ವಾರಗಳು ಹೇಗಿದ್ದವು ಎಂದು ಹೆಂಡತಿ ನಿನಗೆ ಫೋನಿನಲ್ಲಿ ಹೇಳಿಯೇ ಇರುತ್ತಾಳೆ. ನಾನು ಬಾಗಿಲು ತಟ್ಟಿದರೆ "ಮೊಳೆ ಹೊಡೀತಿದ್ದೀಯಾ?" ಎನ್ನುತ್ತಾಳೆ. ಊಟಕ್ಕೆ ಕೂತರೆ ನಾನು ಅವಳ ತೋಳು ನೋಡದೆ ತಟ್ಟೆ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ. ನನಗೆ ಅದಕ್ಕಿಂತ ಕಷ್ಟದ ಕೆಲಸ ಇದುವರೆಗೆ ಯಾರೂ ಕೊಟ್ಟಿರಲಿಲ್ಲ. ಎರಡು ಸಲ ಸೋತು ಕೂಗಾಡಿದೆ. ಒಂದು ಸಲ ಅವಳೂ ಕೂಗಾಡಿದಳು, ತಟ್ಟೆ ಬಿಟ್ಟು ಎದ್ದುಹೋದಳು. ಬುಧವಾರ ಅದನ್ನೆಲ್ಲ ಆ ಮೇಡಂ ಎದುರು ಹರಡಿಕೊಂಡು ಕೂತೆವು, ಮೂವರೂ.

ಇವತ್ತು ಮಧ್ಯಾಹ್ನದ ಮೇಲೆ ಶೆಡ್ಡಿನಲ್ಲಿ ಒಬ್ಬ ಗಿರಾಕಿ ನಿಂತಿದ್ದ. ಹೊಸ ಮನೆ, ಎಂಟು ಬಾಗಿಲು, ಹದಿನಾಲ್ಕು ಕಿಟಕಿ. ಯಾವ ಮರ ಎಂದು ತೋರಿಸುತ್ತಿದ್ದೆ, ಮೆಷಿನ್ ಓಡುತ್ತಿತ್ತು. ತಿರುಗಿದರೆ ಮಗಳು ಹೊರಗೆ ನಿಂತಿದ್ದಾಳೆ. ಶೆಡ್ಡಿಗೆ ಬರಬೇಕಿಲ್ಲ ಎಂದಮೇಲೆ ಅವಳು ಈ ಕಡೆ ಕಾಲಿಟ್ಟಿರಲಿಲ್ಲ. ಏನೋ ಹೇಳಿದಳು, ಮೆಷಿನ್ ಸದ್ದಿಗೆ ಕೇಳಿಸಲಿಲ್ಲ. ಆಫ್ ಮಾಡಿದೆ.

"ಅಪ್ಪಾ, ಒಂದ್ನಿಮಿಷ ಬರ್ತೀಯಾ?"

ಗಿರಾಕಿಗೆ "ನಾಳೆ ಬನ್ನಿ" ಎಂದೆ. "ಇನ್ನು ಎರಡೇ ಮಾತು, ಮುಗಿಸಿಬಿಡೋಣ" ಎಂದ. "ನಾಳೆ ಬನ್ನಿ ಅಂದ್ನಲ್ಲ!" ಎಂದೆ. ಅವನಿಗೆ ಕೂಗಿದೆ, ಹೌದು. ಅದು ಲೆಕ್ಕಕ್ಕಿಲ್ಲ.

ಹೊರಗೆ ಹಲಗೆ ಜೋಡಿಸಿಟ್ಟ ಮೇಲೆ ಕೂತೆವು. ಇಬ್ಬರೂ ರಸ್ತೆ ಕಡೆ ಮುಖ ಮಾಡಿಕೊಂಡು. ಆಮೇಲೆ ಹೇಳಿದಳು.

"ನಿನ್ನೆ ಮತ್ತೆ ಮಾಡ್ಕೊಂಡೆ."

ತಂಗಿ, ನನ್ನ ಬಾಯಿಗೆ ಏನೇನು ಬಂತು ಎಂದು ಬರೆದರೆ ಈ ಕಾಗದ ಸುಟ್ಟುಹೋಗುತ್ತದೆ. ಇಷ್ಟೆಲ್ಲ ಮಾಡಿದರೂ ಮತ್ತೆಯೇ ಎಂದು ಬಂತು. ನಾನು ಮಾಡಿಕೊಟ್ಟ ಬಾಗಿಲಿನ ಹಿಂದೆಯೇ ಎಂದು ಬಂತು. ನನಗೆ ತಿಳಿಯದೆಯೇ ಕಣ್ಣು ಮನೆಯ ಕಡೆ ಹೋಯಿತು. ಅವಳು ಅದನ್ನು ನೋಡಿದಳು.

"ಬಾಗಿಲು ಕೀಳ್ತೀಯಾ?"

"ಕೀಳಬೇಕು ಅಂತ ಕೈ ಕಡೀತಾ ಇದೆ," ಎಂದೆ. "ಕೀಳಲ್ಲ."

ಅವಳು ತಲೆಯಾಡಿಸಿದಳು. "ನೋವಿದೆಯಾ?" ಎಂದು ಕೇಳಿದೆ. "ಸ್ವಲ್ಪ. ತೊಳ್ಕೊಂಡಿದೀನಿ" ಎಂದಳು. ಆಮೇಲೆ ಆಸ್ಪತ್ರೆಯಲ್ಲಿ ನನ್ನಿಂದ ಹೇಳಲಾಗದೆ ಎದ್ದುಬಂದ ಆ ಮಾತನ್ನೂ ಕೇಳಿದೆ. ಹೇಗೆ ಕೇಳಿದೆನೋ, ಧ್ವನಿ ನನ್ನದೇ ಅಲ್ಲ ಅನ್ನಿಸಿತು. "ಇಲ್ಲಪ್ಪ, ಸಾಯಬೇಕು ಅಂತ ಇಲ್ಲ. ಇದ್ರೆ ಹೇಳ್ತೀನಿ" ಎಂದಳು. ಒಳಗೆ ಹೋಗಿ ಅವಳಮ್ಮನಿಗೆ ಹೇಳಿದೆವು. ಅವಳಮ್ಮ ಗಾಯಕ್ಕೆ ಮುಲಾಮು ಹಚ್ಚಿದಳು, ನಾನು ಮೇಡಂಗೆ ಫೋನ್ ಮಾಡಿದೆ. ಬುಧವಾರದವರೆಗೆ ಕಾಯಬೇಡಿ, ನಾಳೆ ಬೆಳಿಗ್ಗೆಯೇ ಬನ್ನಿ ಎಂದರು. ಮೂವರೂ ಹೋಗುತ್ತೇವೆ. ಎಂಟು ಬಾಗಿಲಿನವನು ಬಂದು ಬೀಗ ನೋಡಿಕೊಂಡು ಹೋಗಲಿ.

ಫೋನ್ ಇಟ್ಟ ಮೇಲೆ ಅವಳು ಕೇಳಿದಳು: "ತುಂಬಾ ಸಿಟ್ಟು ಬಂತಾ?"

"ಸಿಟ್ಟಲ್ಲ ಕಣೇ, ಹೆದರಿಕೆ. ನೀನು ಎಲ್ಲಿ ಇಲ್ಲವಾಗಿಬಿಡ್ತೀಯೋ ಅನ್ನೋ ಹೆದರಿಕೆ. ಮೊದಲಿಂದಾನೂ ಅದೇ."

ಅವಳು ನನ್ನ ಮುಖವನ್ನೇ ನೋಡಿದಳು, ಯಾರೋ ಹೊಸಬರನ್ನು ನೋಡುವ ಹಾಗೆ. "ನಂಗೆ ಗೊತ್ತೇ ಇರ್ಲಿಲ್ಲ. ನಿಂಗೆ ನನ್ನ ಕಂಡ್ರೆ ಅಸಹ್ಯ ಅನ್ಕೊಂಡಿದ್ದೆ" ಎಂದಳು.

ಇಷ್ಟು ತಿಂಗಳು ನನ್ನ ಮಗು ಹಾಗಂದುಕೊಂಡು ಈ ಮನೆಯಲ್ಲಿ ಊಟ ಮಾಡಿದೆ, ಹಾಗಂದುಕೊಂಡೇ ಮಲಗಿದೆ. ಅದನ್ನು ಹೇಗೆ ನುಂಗಲಿ ಹೇಳು. ಅವಳೆದುರು ಅಳಬಾರದು ಎಂದಿದ್ದೆ, ಆಗಲಿಲ್ಲ. ಅವಳೇ ನೀರು ತಂದುಕೊಟ್ಟಳು.

ನಿನ್ನ ಮೇಲಿನ ಸಿಟ್ಟು ಹಾಗೇ ಇದೆ. ಮದುವೆ ಬಿಟ್ಟು ಎದ್ದುಹೋದದ್ದು, ಫೋನ್ ಕಟ್ ಮಾಡಿದ್ದು, ಕದ್ದು ಬಸ್ಸು ಹತ್ತಿಸಿಕೊಂಡದ್ದು, ಯಾವುದನ್ನೂ ಬಿಡುವವನಲ್ಲ ನಾನು. ಕೂತು ಜಗಳವಾಡೋಣ, ಒಂದು ಭಾನುವಾರ ಬಾ. ಆದರೆ ಒಂದು ಮಾತು ನಿನಗೆ ತಿಳಿದಿರಲಿ. ಕೈಲಾಗದ ಹೊತ್ತಿನಲ್ಲಿ ಆ ಹುಡುಗಿ ಇವತ್ತು ನಿನ್ನ ಬಸ್ಸು ಹತ್ತಲಿಲ್ಲ. ನನ್ನ ಹತ್ತಿರ ಬಂದಳು.

ಅಣ್ಣ